ಕಾನೂನು ಪ್ರಶ್ನೋತ್ತರ: ಹಳೆಯ ಹೊಡೆತಗಳಿಗೆ ಕೋರ್ಟಿನಲ್ಲಿ ಬೆಲೆಯುಂಟೇ?

ಪ್ರಶ್ನೆ: ಮದುವೆಯಾದ ನಾಲ್ಕನೇ ವರ್ಷ ತಂಗಿ ಗಂಡನ ಮನೆಯಲ್ಲಿ ನೇಣಿಗೆ ಬಿದ್ದಳು. ಹೊಡೆತ, ದುಡ್ಡಿನ ಕಾಟದ ಬಗ್ಗೆ ಎರಡು ವರ್ಷದಿಂದ ನನಗೆ ವಾಟ್ಸ್‌ಆ್ಯಪ್ ಮಾಡುತ್ತಿದ್ದಳು. ಸತ್ತವಳ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲವಂತೆ, ನಿಜವೇ?
— ಓದುಗರು, ಹಾಸನ

ಉತ್ತರ: ನಿಲ್ಲುತ್ತದೆ. ಬೇರೆಯವರು ಹೇಳಿದ್ದನ್ನು ಕೇಳಿ ಸಾಕ್ಷಿ ನುಡಿಯುವಂತಿಲ್ಲ ಎಂಬ ನಿಯಮವೇನೋ ಇದೆ. ಆದರೆ ಸಾವಿನ ಕಾರಣವೇ ವಿಚಾರಣೆಗೆ ಬಂದಾಗ, ಸಾವಿಗೆ ದಾರಿಯಾದ ಸನ್ನಿವೇಶದ ಬಗ್ಗೆ ಸತ್ತವರು ಆಡಿದ, ಬರೆದ ಮಾತು ಸಾಕ್ಷ್ಯವೇ (ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 26, ಹಳೆಯ ಕಾಯ್ದೆಯ 32). ಕೊನೆಯುಸಿರಿನಲ್ಲೇ ಹೇಳಿರಬೇಕೆಂದಿಲ್ಲ. ಸಾವಿನ ಆರೋಪ ಬಿದ್ದುಹೋಗಿ ಕಿರುಕುಳದ ಆರೋಪವಷ್ಟೇ ಉಳಿದರೆ ಆ ಮಾತು ಲೆಕ್ಕಕ್ಕಿಲ್ಲ ಎನ್ನುವ ತೀರ್ಪುಗಳಿದ್ದವು. 2022ರ ಸುರೇಂದ್ರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಅವನ್ನು ತಳ್ಳಿಹಾಕಿತು. ನಿಮ್ಮ ಊರಿನಲ್ಲಿ ಹಳೆಯದನ್ನೇ ಯಾರೋ ಹೇಳುತ್ತಿರಬಹುದು.

ಕಷ್ಟವಿರುವುದು ಬೇರೆಡೆ. ಮದುವೆಯಾಗಿ ಏಳು ವರ್ಷದೊಳಗಿನ ಸಾವನ್ನು ವರದಕ್ಷಿಣೆ ಸಾವೆಂದು ಕೋರ್ಟು ಭಾವಿಸಬೇಕಾದರೆ (ಕಲಂ 118) 'ಸಾವಿಗೆ ಸ್ವಲ್ಪ ಮುಂಚೆ' ವರದಕ್ಷಿಣೆಗಾಗಿ ಹಿಂಸೆಯಾಗಿತ್ತೆಂದು ತೋರಿಸಬೇಕು. ಇದಕ್ಕೆ ಇಂತಿಷ್ಟೇ ದಿನವೆಂಬ ಲೆಕ್ಕವಿಲ್ಲ. ಹಿಂಸೆಗೂ ಸಾವಿಗೂ ಕೊಂಡಿ ಕಡಿದಿರಬಾರದು ಎಂದು 2021ರ ಸತ್ಬೀರ್ ಸಿಂಗ್ ತೀರ್ಪು ಹೇಳಿತು. ನಡುವೆ ಒಂದು ವರ್ಷ ಮೆಸೇಜೇ ಇಲ್ಲದಿದ್ದರೆ ಎದುರು ವಕೀಲರು ಮೊದಲು ಕೈಯಿಡುವುದು ಅಲ್ಲಿಗೇ. 'ಯಾವಾಗಲೂ ಕಾಟ ಕೊಡುತ್ತಿದ್ದರು' ಎನ್ನಬೇಡಿ. ಯಾವ ಹಬ್ಬಕ್ಕೆ, ಎಷ್ಟು ಹಣ, ಕೇಳಿದ್ದು ಯಾರು ಎಂಬುದನ್ನು ಮೊದಲ ಹೇಳಿಕೆಯಲ್ಲೇ ಬರೆಸಿ.

ಸ್ಕ್ರೀನ್‌ಶಾಟ್ ಒಂದನ್ನೇ ನಂಬಬೇಡಿ. ಮೆಸೇಜ್ ಬಂದ ಫೋನನ್ನೇ ಹಾಗೇ ಇಟ್ಟು, ಮಹಜರು ಮಾಡಿಸಿ ಪೊಲೀಸರಿಗೆ ಕೊಡಿ. ರಿಸೆಟ್ ಮಾಡಬೇಡಿ, ಮಾರಬೇಡಿ. ಪ್ರತಿಯನ್ನು ಹಾಜರುಪಡಿಸಲು ಕಲಂ 63ರ ಪ್ರಮಾಣಪತ್ರ ಬೇಕು: 'ಎ' ಭಾಗ ಹಾಜರುಪಡಿಸುವವರದು, 'ಬಿ' ಭಾಗ ತಜ್ಞರದು, ಜೊತೆಗೆ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು). ಇದಿಲ್ಲದೆ ಒಳ್ಳೆಯ ಸಾಕ್ಷ್ಯವೂ ಆಕ್ಷೇಪಣೆಯಲ್ಲಿ ಬಿದ್ದುಹೋಗುತ್ತದೆ. ಹೊಸ ಅಧಿನಿಯಮ ಜಾರಿಗೆ ಬಂದ 2024ರ ಜುಲೈ 1ಕ್ಕೆ ಮೊದಲೇ ವಿಚಾರಣೆ ನಡೆಯುತ್ತಿದ್ದ ಕೇಸುಗಳಿಗೆ ಹಳೆಯ ಕಾಯ್ದೆಯೇ.

ಪ್ರಶ್ನೆ: ಗಂಡ ಹೊಡೆದಾಗ ಆಸ್ಪತ್ರೆಯಲ್ಲಿ 'ಬಚ್ಚಲಲ್ಲಿ ಜಾರಿ ಬಿದ್ದೆ' ಎಂದಿದ್ದೆ. ಈಗ ದೂರು ಕೊಟ್ಟರೆ ಅದೇ ನನಗೆ ಮುಳುವಾಗುವುದೇ?
— ಓದುಗರು, ದಾವಣಗೆರೆ

ಉತ್ತರ: ಪಾಟೀಸವಾಲಿನಲ್ಲಿ ಖಂಡಿತ ಕೇಳುತ್ತಾರೆ. ಹಾಗೆ ಹೇಳಿದ್ದನ್ನೂ, ಯಾಕೆ ಹೇಳಿದಿರಿ (ಗಂಡ ಪಕ್ಕದಲ್ಲೇ ನಿಂತಿದ್ದರೇ?) ಎಂಬುದನ್ನೂ ದೂರಿನಲ್ಲೇ ಬರೆಯಿರಿ. ಮೊದಲ ಬಾರಿಗೆ ಕಟಕಟೆಯಲ್ಲಿ ಹೇಳಿದರೆ ಕಟ್ಟುಕತೆ ಎನಿಸಿಕೊಳ್ಳುತ್ತದೆ. ಅಂದಿನ ಚೀಟಿ, ಎಕ್ಸ್‌ರೇ ತೆಗೆದಿಡಿ. ಗಾಯ ಬಿದ್ದು ಆದದ್ದೋ ಹೊಡೆತದ್ದೋ ಎಂದು ವೈದ್ಯರನ್ನು ಕೋರ್ಟಿನಲ್ಲಿ ಕೇಳಬಹುದು. ಮತ್ತೆ ಹೋಗಬೇಕಾಗಿ ಬಂದರೆ ವೈದ್ಯರೊಡನೆ ಒಬ್ಬರೇ ಮಾತಾಡಿ, ಯಾರು, ಯಾವಾಗ, ಏನಿಂದ ಹೊಡೆದರು ಎಂದು ಹೇಳಿ ಎಂಎಲ್‌ಸಿ (ಪೊಲೀಸ್ ಕೇಸಿಗಾಗಿ ಆಸ್ಪತ್ರೆ ಮಾಡುವ ಗಾಯದ ದಾಖಲೆ) ಮಾಡಿಸಿ. ಠಾಣೆಯಲ್ಲಿ ಎಫ್‌ಐಆರ್ ಆಗದಿದ್ದರೆ ಹಿಂಬರಹ (ದೂರಿಗೆ ಪೊಲೀಸರು ಕೊಡುವ ಲಿಖಿತ ಉತ್ತರ) ಕೇಳಿ ಪಡೆಯಿರಿ.

ಒಂದು ಮಾತು. 'ಹೊಡೆದದ್ದು ತಪ್ಪು, ಇನ್ನು ಹೊಡೆಯುವುದಿಲ್ಲ' ಎಂದು ಗಂಡ ಪೊಲೀಸರಿಗೆ ಬರೆದುಕೊಟ್ಟ ಮುಚ್ಚಳಿಕೆಯನ್ನು ನೆಚ್ಚಿಕೊಳ್ಳಬೇಡಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂಬ ಆಕ್ಷೇಪ ಬರುತ್ತದೆ. ಊರ ಹಿರಿಯರ ಮುಂದೆ ಬರೆದುಕೊಟ್ಟದ್ದಕ್ಕೆ ಆ ತೊಡಕಿಲ್ಲ. ಕಿರುಕುಳದ ಅಪರಾಧಕ್ಕೆ ಕಾಲಮಿತಿ ಮೂರು ವರ್ಷ, ತಡಮಾಡಬೇಡಿ.

ಪ್ರಶ್ನೆ: ನನ್ನನ್ನು ಹೊಡೆಯುವ ಗಂಡನ ಮೊದಲ ಹೆಂಡತಿಯೂ ಇದೇ ದೂರು ಕೊಟ್ಟಿದ್ದಳು. ಅದನ್ನು ಹೇಳಬಹುದೇ?
— ಓದುಗರು, ಗದಗ

ಉತ್ತರ: ಇವನು ಕೆಟ್ಟವನೆಂದು ತೋರಿಸುವುದಕ್ಕಾದರೆ ಇಲ್ಲ (ಕಲಂ 49). ತಾನು ಒಳ್ಳೆಯವನೆಂದು ಅವನೇ ಸಾಕ್ಷಿ ತಂದರೆ ಆಗ ಬಾಗಿಲು ತೆರೆಯುತ್ತದೆ. ನಿಮಗೇ ಆದ ಹಿಂದಿನ ಹಿಂಸೆ ಬೇರೆ ಮಾತು, ಅದು ಉದ್ದೇಶ ಮತ್ತು ನಡವಳಿಕೆಯ ಸಾಕ್ಷ್ಯ (ಕಲಂ 6).

ಪ್ರಶ್ನೆ: ವರ್ಷಗಟ್ಟಲೆ ಹೊಡೆತ ತಿಂದವಳೇ ಗಂಡನನ್ನು ಕೊಂದ ಆರೋಪಿಯಾದರೆ?
— ಓದುಗರು, ಕುಂದಾಪುರ

ಉತ್ತರ: ಹಠಾತ್ ಪ್ರಚೋದನೆಯನ್ನು ಅಳೆಯುವಾಗ ಸತ್ತವರ ಹಿಂದಿನ ಕೃತ್ಯಗಳು ಮೂಡಿಸಿದ ಮನಸ್ಥಿತಿಯನ್ನೂ ನೋಡಬಹುದೆಂದು ನಾನಾವತಿ ಪ್ರಕರಣದಲ್ಲೇ (1961) ಸುಪ್ರೀಂ ಕೋರ್ಟ್ ಹೇಳಿದೆ. ಇದರಿಂದ ಬಿಡುಗಡೆಯಲ್ಲ, ಕೊಲೆಯ ಆರೋಪ ಕೆಳಗಿಳಿಯಬಹುದು. ಸಾಬೀತಿನ ಹೊರೆ ಆಕೆಯದು, ಆದರೆ ಪ್ರಾಸಿಕ್ಯೂಷನ್‌ನಷ್ಟು ಭಾರವಲ್ಲ. ಹಾಗೆ ನಡೆದಿರುವ ಸಂಭವವೇ ಹೆಚ್ಚೆನಿಸಿದರೆ ಸಾಕು. ಬಂಧನವಾದ ಕೂಡಲೇ ವೈದ್ಯಕೀಯ ಪರೀಕ್ಷೆಯಲ್ಲಿ ಮೈಮೇಲಿನ ಹಳೆಯ, ಹೊಸ ಗಾಯಗಳನ್ನೆಲ್ಲ ಬರೆಸಬೇಕು. ತಡವಾದರೆ ಗಾಯ ಮಾಯುತ್ತದೆ, ವಕೀಲರ ಬಾಯಿಮಾತಷ್ಟೇ ಉಳಿಯುತ್ತದೆ.