ಸಂಬಳ ವರ್ಷಕ್ಕೆ 100 ಡಾಲರ್
ಅಮೆರಿಕದಲ್ಲಿ ರಾಜ್ಯ ಶಾಸಕರಾದರೆ ಆ ಸಂಬಳದಲ್ಲೇ ಮನೆ ನಡೆಯುತ್ತದಾ ಅಂತ ಕೇಳಿದ್ದೀರಿ. ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ ಲಕ್ಷ ಡಾಲರ್ ದಾಟುತ್ತದೆ. ನ್ಯೂ ಹ್ಯಾಂಪ್‌ಶೈರ್ ನೋಡಿ, ಕೆಳಮನೆಯಲ್ಲೇ 400 ಸದಸ್ಯರು, ತಲಾ ವರ್ಷಕ್ಕೆ 100 ಡಾಲರ್! 1889ರಲ್ಲಿ ಗೊತ್ತು ಮಾಡಿದ್ದು, ಇವತ್ತಿಗೂ ಅಷ್ಟೇ. ಓಡಾಟದ ಖರ್ಚು ಮಾತ್ರ ಬೇರೆ ಕೊಡುತ್ತಾರೆ. ಹಾಗಾಗಿ ಅಲ್ಲಿ ನಿವೃತ್ತರು ಜಾಸ್ತಿ. ಕೂಲಿ ಮಾಡುವವರು, ಪುಟ್ಟ ಮಕ್ಕಳಿರುವ ತಾಯಂದಿರು ಕೆಲಸ ಬಿಟ್ಟು ಬಂದು ಕೂರೋದು ಹೇಗೆ ಹೇಳಿ? ನನಗಂತೂ ಇದು ದೊಡ್ಡ ಅನ್ಯಾಯ ಅನ್ನಿಸುತ್ತದೆ.

ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2021ರಲ್ಲಿ ಮಿಷಿಗನ್ ಶಾಸಕರಾದರು, 2023ರಲ್ಲಿ ವಾಷಿಂಗ್ಟನ್‌ನ ಕಾಂಗ್ರೆಸ್ಸಿಗೇ ಹೋದರು. ಆದರೆ ಅವರು ಅದಕ್ಕೂ ಮೊದಲೇ ಉದ್ಯಮದಲ್ಲಿ ಚೆನ್ನಾಗಿ ಸಂಪಾದಿಸಿದ್ದವರು. ನೀವು ಯಾವ ರಾಜ್ಯದಲ್ಲಿದ್ದೀರಿ?