ಕ್ಯಾಮ್ ಬದಲಿಸಿದ ಮೇಲೆ ಇಸಿಯುಗೆ ಡೈನೋದಲ್ಲಿ ಒಂದು ದಿನದ ಟ್ಯೂನಿಂಗ್ ಸಾಕಾ?

ಸಾಕಾಗಲ್ಲ. ಹಳೇ ಮಾರುತಿ ಎಸ್ಟೀಮ್ ಕಾರು, ಹೊಸ ಕ್ಯಾಮ್ (ವಾಲ್ವ್ ತೆರೆದು ಮುಚ್ಚೋ ಶಾಫ್ಟ್), ಮ್ಯಾಪ್ ಸೆನ್ಸರ್ (ಇಂಜಿನ್ನಿಗೆ ಹೋಗೋ ಗಾಳಿಯ ಒತ್ತಡ ಅಳೆಯೋದು) ನಂಬಿ ಓಡೋ ಸ್ಟ್ಯಾಂಡ್‌ಅಲೋನ್ ಇಸಿಯು (ಪೆಟ್ರೋಲ್, ಕಿಡಿ ನಿಯಂತ್ರಿಸೋ, ನಾವೇ ಟ್ಯೂನ್ ಮಾಡಬಹುದಾದ ಕಂಪ್ಯೂಟರ್), ಬೆಂಗಳೂರಲ್ಲೇ ಡೈನೋ (ಇಂಜಿನ್ ಪವರ್ ಅಳೆಯೋ ಯಂತ್ರ). ನೀವು ಬರೆದಿರೋದು ನಾನು ಹೋಗಿಬಂದ ದಾರಿಯೇ. ಡೈನೋ ಮೇಲೆ ನನ್ನ 1298 ಸಿಸಿ ಇಂಜಿನ್ ಸೊಗಸಾಗಿ ಎಳೀತು. ಆಮೇಲೆ ಮಂಗಳೂರಿಗೆ ಹೊರಟೆ. ಶಿರಾಡಿ ಘಾಟಿ ಇಳಿದು ನೆಲ್ಯಾಡಿ ದಾಟಿದ ಮೇಲೆ, ಖಾಲಿ ರಸ್ತೆ ನೋಡಿ ಮೂರನೇ ಗೇರಲ್ಲಿ ಪೂರ್ತಿ ತುಳಿದೆ. ನಾಕಿಂಗ್ ಸದ್ದು (ಪೆಟ್ರೋಲ್ ಅಡ್ಡಾದಿಡ್ಡಿ ಸಿಡಿಯೋ ಟಕಟಕ) ಕಿವಿಗೆ ಬಿದ್ದು ಕಾಲು ತೆಗೆಯೋಷ್ಟರಲ್ಲಿ ಪವರ್ ಹೋಯ್ತು, ಹಿಂದೆ ನೀಲಿ ಹೊಗೆ. ಇಂಜಿನ್ ಬಿಚ್ಚಿದಾಗ ಒಂದು ಪಿಸ್ಟನ್ನಿನ ರಿಂಗ್ ಲ್ಯಾಂಡ್ (ರಿಂಗುಗಳ ನಡುವಿನ ಅಂಚು) ಮುರಿದಿತ್ತು.

ಯಾಕೆ ಅಂತ ಬಿಡಿಸಿ ಹೇಳ್ತೀನಿ, ನಿಮಗೆ ಬೇಕಾಗಿರೋದು ಇದೇ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡವೇ 91 ಕಿಲೋಪ್ಯಾಸ್ಕಲ್ ಆಸುಪಾಸು. ಥ್ರಾಟಲ್ ಪೂರ್ತಿ ತೆರೆದರೂ ಮ್ಯಾಪ್ ಸೆನ್ಸರ್ ಅದನ್ನ ದಾಟಲ್ಲ. ಅಂದರೆ ಫ್ಯೂಯಲ್ ಟೇಬಲ್ಲಿನ (ಯಾವ ಒತ್ತಡ, ಯಾವ ಆರ್‌ಪಿಎಮ್ಮಿಗೆ ಎಷ್ಟು ಪೆಟ್ರೋಲ್ ಅನ್ನೋ ಪಟ್ಟಿ) 100 ಕಿಲೋಪ್ಯಾಸ್ಕಲ್ಲಿನ ಸಾಲಿಗೆ ಇಂಜಿನ್ ಇಲ್ಲಿ ಹೋಗೋದೇ ಇಲ್ಲ, ಹೋಗದ ಸಾಲನ್ನ ಯಾವ ಡೈನೋನೂ ಟ್ಯೂನ್ ಮಾಡಲ್ಲ. 6000 ಆರ್‌ಪಿಎಮ್ಮಿಗೆ ನನ್ನ 90ರ ಸಾಲಲ್ಲಿ ಪೆಟ್ರೋಲ್ ಎಷ್ಟು ಅನ್ನೋ ಅಂಕಿ 92 ಇತ್ತು, 100ರ ಸಾಲಲ್ಲಿ ಹಳೇ ಕ್ಯಾಮಿನ 78 ಹಾಗೇ ಕೂತಿತ್ತು. ಕರಾವಳಿಗೆ ಇಳಿದ ತಕ್ಷಣ ಇಸಿಯು ಆ ಸಾಲಿನ ಕಡೆ ಸರಿಯಿತು. ಗಾಳಿ ಜಾಸ್ತಿ ಆಗೋ ಜಾಗದಲ್ಲೇ ಬೇಕಾದ್ದಕ್ಕಿಂತ ಶೇ. 15ರ ಹತ್ತಿರ ಪೆಟ್ರೋಲ್ ಕಮ್ಮಿ. ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅಳತೆ; 1 ಅಂದರೆ ಸರಿಸಮ, ಅದಕ್ಕಿಂತ ಕಮ್ಮಿ ಅಂದರೆ ಪೆಟ್ರೋಲ್ ಜಾಸ್ತಿ) 0.86 ಇರಬೇಕಾದಲ್ಲಿ 1ರ ಹತ್ತಿರ. ಪೂರ್ತಿ ತುಳಿದಾಗ ಆಕ್ಸಿಜನ್ ಸೆನ್ಸರ್ ತಿದ್ದುವ ಕೆಲಸಕ್ಕೂ ಬರಲ್ಲ. ಇಗ್ನಿಷನ್ ಟೇಬಲ್ಲಲ್ಲೂ (ಕಿಡಿ ಯಾವಾಗ ಅನ್ನೋ ಟೈಮಿಂಗ್ ಪಟ್ಟಿ) ಆ ಸಾಲು ಯಾರೂ ಮುಟ್ಟಿರಲಿಲ್ಲ. ಡೈನೋದ ಪವರ್ ಗ್ರಾಫ್ ನೋಡಿ ಖುಷಿಪಟ್ಟ ನಾನು ಟೇಬಲ್ ತೆರೆದು ಒಂದು ಸಲ ಕಣ್ಣಾಡಿಸಲಿಲ್ಲ. ಆ 78 ಅಲ್ಲೇ ಕಾಣ್ತಿತ್ತು.

ಹಾಗಾಗಿ ಡೈನೋ ಆದ ಮೇಲೆ ಮೇಲಿನ ಸಾಲುಗಳನ್ನ ಕೈಯಿಂದಲೇ ತುಂಬಿಸಿ. 90ರಲ್ಲಿರೋ ಆಕಾರವನ್ನೇ 100ಕ್ಕೂ ಎಳೆಯಿರಿ, ಅಲ್ಲಿ ಒಂದೆರಡು ಡಿಗ್ರಿ ಟೈಮಿಂಗ್ ಹಿಂದಕ್ಕೆ ತೆಗೀರಿ, ವೈಡ್‌ಬ್ಯಾಂಡ್ (ಲ್ಯಾಂಬ್ಡಾ ನಿಖರವಾಗಿ ಅಳೆಯೋ ಸೆನ್ಸರ್) ಹಾಕಿ ಘಾಟಿಯ ಕೆಳಗೆ ಲಾಗ್ ಮಾಡಿ. ಈಗ ಬಂಕಿನಲ್ಲಿ ಸಿಗೋದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್, ಅದಕ್ಕೆ ಬರೀ ಪೆಟ್ರೋಲಿನ 14.7ರ ಗಾಳಿ-ಇಂಧನ ಲೆಕ್ಕ ಹೊಂದಲ್ಲ. ಲ್ಯಾಂಬ್ಡಾದಲ್ಲೇ ಓದಿ.

ಇನ್ನು ನೀವು ಹೇಳಿದ, ಐಡಲ್‌ನಲ್ಲಿ ಇಂಜಿನ್ ಕುಣಿಯೋದು, ಪೆಟ್ರೋಲ್ ವಾಸನೆ. ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಅಂದ್ಕೊಂಡು ಹೊಸದು ತರಬೇಡಿ. ಓವರ್‌ಲ್ಯಾಪ್ (ಎರಡೂ ಬಗೆಯ ವಾಲ್ವ್ ಒಟ್ಟಿಗೆ ತೆರೆದಿರೋ ಹೊತ್ತು) ಜಾಸ್ತಿ ಇರೋ ಕ್ಯಾಮಿನಲ್ಲಿ ಉರಿಯದ ಆಮ್ಲಜನಕ ಸೈಲೆನ್ಸರ್ ಕಡೆ ಹೋಗುತ್ತೆ. ಸೆನ್ಸರ್ ಅದನ್ನ ನೋಡಿ ಪೆಟ್ರೋಲ್ ಕಮ್ಮಿ ಇದೆ ಅಂತ ಹೇಳುತ್ತೆ, ಇಸಿಯು ಇನ್ನಷ್ಟು ಸುರಿಯುತ್ತೆ, ಪ್ಲಗ್ ಕಪ್ಪಾಗುತ್ತೆ. ಐಡಲ್‌ನಲ್ಲಿ ಕ್ಲೋಸ್ಡ್ ಲೂಪ್ (ಸೆನ್ಸರ್ ನೋಡಿ ಇಸಿಯು ಪೆಟ್ರೋಲ್ ತಿದ್ದೋದು) ಆಫ್ ಮಾಡಿ, 950–1000 ಆರ್‌ಪಿಎಮ್ಮಿಗೆ ಏರಿಸಿ, ಅಲ್ಲಿ ಸ್ವಲ್ಪ ಟೈಮಿಂಗ್ ಮುಂದಕ್ಕೆ ಕೊಡಿ.

ಮಂಗಳೂರು, ಗೋವಾ ಕಡೆ ಹೋಗೋ ಮುಂಚೆ ಎರಡೂ ಟೇಬಲ್ಲಿನ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ, 100ರ ಸಾಲು ನೋಡಿ ಹೇಳ್ತೀನಿ.