ಪ್ರೇಕ್ಷಕ ಕತ್ತು ತಿರುಗಿಸಿದಾಗ

ಪ್ರಶ್ನೆ: ಮನೆಯ ಅಡಿಕೆ ಸುಲಿತವನ್ನು ಸುತ್ತಲಿನದೆಲ್ಲ ಒಟ್ಟಿಗೇ ಹಿಡಿಯುವ 360 ಡಿಗ್ರಿ ಕ್ಯಾಮೆರಾದಲ್ಲಿ ಚಿತ್ರಿಸಿದೆವು. ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್‌ನಲ್ಲಿ ನೋಡಿದರೆ ಒಬ್ಬರ ಮೊಣಕೈ ತುಂಡಾದ ಹಾಗಿದೆ, ಮುಖಗಳು ಮಬ್ಬು. ಕ್ಯಾಮೆರಾ ಹಿಡಿದು ಅಂಗಳದಲ್ಲಿ ನಡೆದ ದೃಶ್ಯ ಬಂದರೆ ತಲೆಸುತ್ತು. ಎಲ್ಲಿ ತಪ್ಪಿದ್ದೇವೆ? – ಓದುಗರು, ಸಾಗರ

ಉತ್ತರ: ಮೊದಲಿಗೆ, ಸುಲಿತವನ್ನು ಆರಿಸಿಕೊಂಡದ್ದು ಬಹಳ ಸರಿಯಾಗಿದೆ. ಜನ ಸುತ್ತ ಕೂತಿರುತ್ತಾರೆ, ಮಾತು ಈ ಮೂಲೆಯಿಂದ ಆ ಮೂಲೆಗೆ ಹಾರುತ್ತಿರುತ್ತದೆ. ಚೌಕಟ್ಟೇ ಇಲ್ಲದ ಸಿನಿಮಾಕ್ಕೆ ಇಷ್ಟು ಒಗ್ಗುವ ದೃಶ್ಯ ಸಿಗುವುದು ಕಷ್ಟ.

ಮೊಣಕೈ ತುಂಡಾದದ್ದು ಹೊಲಿಗೆಯಲ್ಲಿ. ಈ ಕ್ಯಾಮೆರಾದಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಲೆನ್ಸ್‌ಗಳಿರುತ್ತವೆ. ಎರಡರ ಚಿತ್ರವನ್ನೂ ಸಾಫ್ಟ್‌ವೇರ್ ಅಂಚಿನಲ್ಲಿ ಹೊಲಿಯುತ್ತದೆ. ಹತ್ತಿರದ ವಸ್ತು ಎರಡು ಲೆನ್ಸ್‌ಗೂ ಬೇರೆ ಬೇರೆ ಜಾಗದಲ್ಲಿ ಕಾಣುವುದರಿಂದ ಅಲ್ಲಿ ಜೋಡಣೆ ತಪ್ಪುತ್ತದೆ. ಕ್ಯಾಮೆರಾದ ತೆಳು ಪಕ್ಕಗಳ ನೇರಕ್ಕೆ ಯಾರನ್ನೂ ಕೂರಿಸಬೇಡಿ. ಅಡಿಕೆ ರಾಶಿಯನ್ನೋ ಕಂಬವನ್ನೋ ಆ ದಿಕ್ಕಿಗೆ ಬಿಡಿ, ಅದೂ ಒಂದೂವರೆ ಮೀಟರ್ ಆಚೆಗೆ.

ಮಬ್ಬಿಗೆ ಲೆಕ್ಕ ಹೀಗಿದೆ: ಕ್ಯಾಮೆರಾ 5.7ಕೆ ಅಂದರೆ ಅಡ್ಡಕ್ಕೆ 5760 ಪಿಕ್ಸೆಲ್ (ಚಿತ್ರದ ಚುಕ್ಕಿ), ಆದರೆ ಅದು ಪೂರ್ತಿ ಸುತ್ತಿಗೆ. ಹೆಡ್‌ಸೆಟ್‌ನಲ್ಲಿ ಒಮ್ಮೆಗೆ ಸುಮಾರು 90 ಡಿಗ್ರಿ ಕಂಡರೆ ಕಣ್ಣಿಗೆ ಸಿಗುವುದು 1440 ಮಾತ್ರ. ಮೂರ್ನಾಲ್ಕು ಮೀಟರ್ ದೂರದ ಮುಖದಲ್ಲಿ ಭಾವ ಓದಲಾಗದು. ಮುಖ್ಯ ಪಾತ್ರಗಳನ್ನು ಒಂದೂವರೆಯಿಂದ ಎರಡು ಮೀಟರ್ ಒಳಗೆ, ಲೆನ್ಸ್‌ಗೆ ನೇರವಾಗಿ ಕೂರಿಸಿ.

ತಲೆಸುತ್ತಿಗೆ ಕಾರಣ, ಕಣ್ಣು ‘ನಡೆಯುತ್ತಿದ್ದೇನೆ’ ಅಂದರೆ ಒಳಕಿವಿ ‘ಕೂತಿದ್ದೇನೆ’ ಅನ್ನುತ್ತದೆ. ಕ್ಯಾಮೆರಾವನ್ನು ಅಲ್ಲಾಡಿಸಲೇಬೇಡಿ. ಸುಲಿಯುವವರು ನೆಲದ ಮೇಲೆ ಕೂತಿದ್ದರೆ ಅವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು 80 ಸೆಂ.ಮೀ. ಎತ್ತರದಲ್ಲಿ ಒಂಟಿ ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಬುಡಕ್ಕೆ ಮರಳಿನ ಚೀಲ ಇಡಿ. ಬೆಳಕಿನ ಮಟ್ಟ ತಾನಾಗಿ ಬದಲಾಗದಂತೆ ಎಕ್ಸ್‌ಪೋಷರನ್ನು ಲಾಕ್ ಮಾಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಶಟರ್ ವೇಗ 1/50 ಅಥವಾ 1/100 ಸೆಕೆಂಡು ಇದ್ದರೆ ಬಲ್ಬು ಮಿನುಗುವುದಿಲ್ಲ.

ಇನ್ನು ನೀವು ಕೇಳದ ವಿಷಯವೇ ಎಲ್ಲಕ್ಕಿಂತ ಮುಖ್ಯ. ಪ್ರೇಕ್ಷಕ ಎತ್ತ ನೋಡಬೇಕೆಂದು ಚೌಕಟ್ಟು ಹೇಳುತ್ತಿತ್ತು, ಈಗ ಆ ಕೆಲಸ ಕಿವಿಯದು. ಬೆನ್ನ ಹಿಂದೆ ಕತ್ತಿಯ ‘ಚರಕ್’ ಸದ್ದು ನಿಂತು ಅಜ್ಜಿ ಕೆಮ್ಮಿದರೆ ನೋಡುವವರು ತಾವಾಗಿ ತಿರುಗುತ್ತಾರೆ. ಇದಕ್ಕೆ ಸದ್ದನ್ನು ಅದು ಬಂದ ದಿಕ್ಕಿನ ಸಮೇತ ಹಿಡಿಯುವ, ನಾಲ್ಕು ಚಾನೆಲ್‌ನ ಆಂಬಿಸಾನಿಕ್ ಮೈಕ್ ಬೇಕು. ಕ್ಯಾಮೆರಾದ ಕೆಳಗೇ, ಎರಡರ ಮುಖವೂ ಒಂದೇ ದಿಕ್ಕಿಗಿರುವಂತೆ ಕಟ್ಟಿ. ಶುರುವಿನಲ್ಲಿ ಎದುರು ನಿಂತು ಒಂದು ಚಪ್ಪಾಳೆ ತಟ್ಟಿ. ಎಡಿಟಿಂಗ್‌ನಲ್ಲಿ ಅದು ಎದುರಿನಿಂದಲೇ ಕೇಳಬೇಕು, ಇಲ್ಲವಾದರೆ ಅಜ್ಜಿಯ ಕೆಮ್ಮು ಗೋಡೆಯಿಂದ ಬರುತ್ತದೆ. ಹೊಸ ಕ್ಯಾಮೆರಾಕ್ಕಿಂತ ಮೊದಲು ಮೈಕಿಗೆ ಹಣ ಹಾಕಿ.

ಪ್ರಶ್ನೆ: ಐದು ಕಡೆ ಪ್ರೇಕ್ಷಕರೇ ಕಥೆ ಆರಿಸುವ ಕಿರುಚಿತ್ರ ಮಾಡಬೇಕೆಂದಿದ್ದೇವೆ. ಯೂಟ್ಯೂಬ್ ಸಾಕೇ? – ಕಾಲೇಜು ವಿದ್ಯಾರ್ಥಿಗಳು, ತೀರ್ಥಹಳ್ಳಿ

ಉತ್ತರ: ಸಾಕು, ಆದರೆ ಮೊದಲು ಎಣಿಸಿ. ಪ್ರತಿ ಆಯ್ಕೆಯೂ ಎರಡಾಗಿ ಕವಲೊಡೆದು ಎಲ್ಲೂ ಕೂಡದಿದ್ದರೆ 1+2+4+8+16+32, ಒಟ್ಟು 63 ತುಣುಕು. ತುಣುಕಿಗೊಂದು ನಿಮಿಷವೆಂದರೂ 63 ನಿಮಿಷ ಚಿತ್ರಿಸಬೇಕು, ನೋಡುವವರಿಗೆ ಸಿಗುವುದು ಆರು ನಿಮಿಷ. ಕವಲುಗಳು ಪ್ರತಿ ಸಲ ಮತ್ತೆ ಒಂದೇ ದಾರಿಗೆ ಬಂದು ಸೇರಿದರೆ 16 ತುಣುಕಿಗೆ ಮುಗಿಯುತ್ತದೆ: ಶುರುವಿಗೆ ಒಂದು, ಪ್ರತಿ ಆಯ್ಕೆಗೆ ಎರಡು ಕವಲು, ಕೂಡುವಲ್ಲಿ ಒಂದು. 1967ರ ಮಾಂಟ್ರಿಯಲ್ ಎಕ್ಸ್‌ಪೋದಲ್ಲಿ ಪ್ರೇಕ್ಷಕರು ಗುಂಡಿ ಒತ್ತಿ ಕಥೆ ಆರಿಸಿದ ಜೆಕೊಸ್ಲೊವಾಕಿಯಾದ ‘ಕಿನೊಆಟೊಮ್ಯಾಟ್’ ಕೂಡ ಹೀಗೇ ಕೂಡುವ ದಾರಿ ಹಿಡಿದಿತ್ತು. ಕವಲಿನ ನಕ್ಷೆಗೆ ಉಚಿತ ತಂತ್ರಾಂಶ ‘ಟ್ವೈನ್’ ಅನುಕೂಲ.

ಯೂಟ್ಯೂಬ್‌ನ ಎಂಡ್ ಸ್ಕ್ರೀನ್‌ನಲ್ಲಿ ಮುಂದಿನ ವಿಡಿಯೊಗಳ ಕೊಂಡಿ ಕೊಡಬಹುದು. ಅದು ಕೊನೆಯ 5ರಿಂದ 20 ಸೆಕೆಂಡು ಮಾತ್ರ ನಿಲ್ಲುತ್ತದೆ, ತುಣುಕು ಕನಿಷ್ಠ 25 ಸೆಕೆಂಡು ಇರಬೇಕು. ಹಾಗಾಗಿ ಆಯ್ಕೆಯ ಹೊತ್ತಿನಲ್ಲಿ ಪಾತ್ರ ಸುಮ್ಮನೆ ನಿಲ್ಲದೆ ಏನಾದರೂ ಮಾಡುತ್ತಿರಲಿ. ‘ಮಕ್ಕಳಿಗಾಗಿ’ ಎಂದು ಗುರುತು ಹಾಕಿದರೆ ಎಂಡ್ ಸ್ಕ್ರೀನ್ ಇರುವುದಿಲ್ಲ. ಹಿಂದಿನ ಆಯ್ಕೆಯ ನೆನಪೂ ಯೂಟ್ಯೂಬ್‌ಗಿಲ್ಲ. ಪ್ರೇಕ್ಷಕರೇ ಕಥೆ ಆರಿಸುತ್ತಿದ್ದ 2018ರ ನೆಟ್‌ಫ್ಲಿಕ್ಸ್ ಚಿತ್ರ ‘ಬ್ಯಾಂಡರ್‌ಸ್ನ್ಯಾಚ್’ನಲ್ಲಿ ಮೊದಲು ಆರಿಸಿದ ಬೆಳಗಿನ ತಿಂಡಿಯ ಸಿರಿಯಲ್‌ನದೇ ಜಾಹೀರಾತು ಮುಂದೆ ಬರುತ್ತಿತ್ತು, ಅಂಥದ್ದಕ್ಕೆ ನಿಮ್ಮದೇ ವೆಬ್ ಪುಟ ಬೇಕಾಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಲೆನ್ಸ್ ಮಂಜಾಗುತ್ತದೆ. – ಓದುಗರು, ಹೊಸನಗರ

ಉತ್ತರ: ಹೊರಗೆ ತಣ್ಣಗಾದ ಕ್ಯಾಮೆರಾವನ್ನು ಒಲೆ ಉರಿಯುವ ಬೆಚ್ಚಗಿನ ಮನೆಯೊಳಗೆ ತಂದಾಗ ನೀರು ಕಟ್ಟುತ್ತದೆ. ಹೊರಗಿರುವಾಗಲೇ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಳಗೆ ತನ್ನಿ, ಅರ್ಧ ಗಂಟೆ ಬಿಟ್ಟು ತೆರೆಯಿರಿ. ಹನಿ ಬಿದ್ದರೆ ಶರ್ಟಿನ ತುದಿಯಲ್ಲಿ ಒರೆಸಬೇಡಿ. ಉಬ್ಬಿದ ಲೆನ್ಸ್‌ಗೆ ಗೀರು ಬಿದ್ದರೆ ಪ್ರತಿ ದೃಶ್ಯದಲ್ಲೂ ಕಾಣುತ್ತದೆ.